ಬೆಳವಕ್ಕಿ ಗೀಚಿದ ದಾರಿ

"ನಿಲ್ಸೀ... ಬ್ರೇಕ್ ಹಾಕ್ರೀ! ಮುಂದೆ ಬರ್ಬೇಡಿ!"

ಲಂಟಾನ ಪೊದೆಯ ಆಚೆಯಿಂದ ಬಂದ ಆ ಕೂಗಿಗೆ ಇಂಪನಾಳ ಎರಡೂ ಕೈಗಳು ತಾವಾಗಿಯೇ ಬ್ರೇಕು ಹಿಡಿದವು. ಹಿಂದಿನ ಚಕ್ರ ಕಲ್ಲುಪುಡಿಯ ಮೇಲೆ ಸರ್ರನೆ ಜಾರಿ ಸೈಕಲ್ಲು ಅಡ್ಡಕ್ಕೆ ತಿರುಗಿ ನಿಂತಿತು.

ಮುಂದಿನ ಚಕ್ರದಿಂದ ಒಂದು ಮಾರು ದೂರದಲ್ಲಿ, ಎತ್ತರದ ಹುಲ್ಲಿನ ನಡುವೆ, ನೆಲ ಇರಲಿಲ್ಲ!

ಟ್ರೆಂಚು. ಎದೆಯುದ್ದ ಆಳ. ತಳದಲ್ಲಿ ಚೂಪು ಕಲ್ಲುಗಳು.

ಅದನ್ನು ನೋಡಬೇಕೆಂದೇ ಇಂಪನಾ ಬೆಳಗ್ಗೆ ತುಮಕೂರಿನಲ್ಲಿ ಬಸ್ಸಿಗೆ ಸೈಕಲ್ಲು ಹೇರಿಕೊಂಡು ಕುಣಿಗಲ್ಲಿಗೆ ಬಂದು, ಅಲ್ಲಿಂದ ಹುಲಿಯೂರುದುರ್ಗದ ಬೆಟ್ಟದ ಕಾಡುದಾರಿ ತುಳಿದು ಇಲ್ಲಿಗೆ ಇಳಿದಿದ್ದಳು. ನೋಡಲು ಬಂದವಳೇ ಅದರೊಳಗೆ ಬೀಳುವುದರಲ್ಲಿದ್ದಳು.

ಪೊದೆಯ ಹಿಂದಿನಿಂದ ಒಬ್ಬ ಯುವಕ ಎದ್ದು ನಿಂತ. ಎಡಗೈಯಲ್ಲಿ ಒಂದು ಗೂಟ, ಹಲ್ಲಿನ ನಡುವೆ ಕೆಂಪು ಬಟ್ಟೆಯ ತುದಿ. ಬಲಗೈ ಮಾತ್ರ ಮೈಗೆ ಅಂಟಿದ ಹಾಗೆ ಸುಮ್ಮನಿತ್ತು.

"ಏನ್ರೀ, ಜೀವದ ಮೇಲೆ ಆಸೆ ಇಲ್ವಾ?" ಬಟ್ಟೆ ಬಾಯಿಂದ ತೆಗೆದು ಗದರಿದ. ಅವಳ ಮುಖ ಬಿಳಿಚಿದ್ದು ಕಂಡು ದನಿ ಇಳಿಸಿದ. "ಬೆಳವಕ್ಕಿ ರೂಟ್ ನೋಡ್ಕೊಂಡು ಬಂದ್ರಾ?"

ಬೆಳವಕ್ಕಿ!

ಇಂಪನಾ ಸೈಕಲ್ಲಿನಿಂದ ಇಳಿದಳು.

"ಹೂಂ..." ಎಂದಳು ಹೇಗೋ.

"ಅದಕ್ಕೇ ಈ ಗೂಟ ನೆಡ್ತಾ ಇದೀನಿ. ಇನ್ಯಾರೂ ಬೀಳ್ಬಾರ್ದು ಅಂತ. ನಾನಿಲ್ಲೇ ಬಿದ್ದೋನು."

ಇವನೇ... ಇವನೇ ಅವನು!

"ಕೈ...?" ಅವಳಿಗೆ ಪೂರ್ತಿ ಕೇಳಲಾಗಲಿಲ್ಲ.

"ಭುಜ ಪುಡಿಪುಡಿ. ಒಳಗೆ ಪ್ಲೇಟ್ ಹಾಕವ್ರೆ." ಅವನು ಅದನ್ನು ಮಳೆ ಬಂತು ಎನ್ನುವಷ್ಟು ಸಲೀಸಾಗಿ ಹೇಳಿದ. "ನಾನು ಗಂಗಾಧರ್. ಕುಣಿಗಲ್ ಕಡೆ ದನದ ಡಾಕ್ಟ್ರು. ಈಗ ಅರ್ಧ ಡಾಕ್ಟ್ರು ಅನ್ನಿ. ಹಸು ಕರು ಹಾಕೋಕೆ ಕಷ್ಟಪಡ್ತಿದ್ರೆ ಪಕ್ಕದಲ್ಲಿ ನಿಂತು ಬೇರೆಯವ್ರಿಗೆ ಹೇಳಿಕೊಡ್ತೀನಿ. ಎಳೆಯೋ ಕೈ ಇಲ್ವಲ್ಲ."

"ಆ ದಾರಿ ಹಾಕಿದವರ ಮೇಲೆ... ಸಿಟ್ಟು ಬರಲ್ವಾ?"

"ಬೆಳವಕ್ಕಿ ಮೇಲಾ? ಛೆ, ಅವರದೇನು ತಪ್ಪು!" ಗಂಗಾಧರ್ ನಕ್ಕ. "ಬೆಳವಕ್ಕಿ ಹಾಕಿದ ದಾರಿ ಅಂದ್ರೆ ಅಲ್ಲಿ ಅವರ ಚಕ್ರ ಉರುಳಿರುತ್ತೆ. ಯಾರೋ ರಿಟೈರ್ಡ್ ಮೇಷ್ಟ್ರು ಇರ್ಬೇಕು, ಅಷ್ಟು ಶಿಸ್ತು! ಅವರು ಹೋದಾಗ ಇಲ್ಲಿ ದಾರಿ ಇತ್ತು. ಆಮೇಲೆ ಅಗೆದಿರೋದು ಈ ಹೊಲದ ಯಜಮಾನ್ರು."

ಅವನ ನಗು ಅಲ್ಲಿಗೆ ಆರಿತು.

"ಹೊಲ ಯಾರದು?"

"ನಮ್ಮ ಸೋದರಮಾವಂದು. ಅಮ್ಮನ ಒಡಹುಟ್ಟಿದ ಅಣ್ಣ."

ಇಂಪನಾ ಸೈಕಲ್ಲಿನ ಹ್ಯಾಂಡಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಏಕೆಂದರೆ ಅಲ್ಲಿ ದಾರಿ ಎಂದೂ ಇರಲಿಲ್ಲ. ಆ ದಾರಿಯನ್ನು ಬೆರಳಿನಲ್ಲಿ ಗೀಚಿದವಳು ಅವಳೇ!

---

ಇಂಪನಾ ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಹುಟ್ಟೂರು ಬೆಳ್ಳಾವಿ. ಈಗ ತುಮಕೂರಿನಲ್ಲಿ ಗೆಳತಿ ಮಾನಸಾಳ ಜೊತೆ ಬಾಡಿಗೆ ಮನೆ. ವಾರವೆಲ್ಲ ಸೀಮೆಸುಣ್ಣ, ಭಾನುವಾರ ಮಾತ್ರ ಸೈಕಲ್ಲು. ಟಾರು ರಸ್ತೆಯೆಂದರೆ ಅವಳಿಗೆ ಆಗದು. ದೇವರಾಯನದುರ್ಗದ ಕಾಡಂಚು, ಕೋರದ ಕಡೆಯ ಬಂಡೆಗುಡ್ಡ, ಹುಲಿಯೂರುದುರ್ಗದ ಕರಡಿ ಓಡಾಡುವ ಕುರುಚಲು ಬೆಟ್ಟ... ಎಲ್ಲೆಲ್ಲಿ ಕಲ್ಲುಮಣ್ಣಿನ ದಾರಿ ಇದೆಯೋ ಅಲ್ಲೆಲ್ಲ ಸುತ್ತಿ, ಫೋನಿನಲ್ಲಿ ಆ ದಾರಿಯ ಗೆರೆ ಹಿಡಿದು, ಸೈಕಲ್ ಸವಾರರ ಆ್ಯಪಿಗೆ ಹಾಕುತ್ತಿದ್ದಳು. ಅಲ್ಲಿ ಅವಳ ಹೆಸರು ಬೆಳವಕ್ಕಿ. ಮುಖ ಯಾರಿಗೂ ಗೊತ್ತಿರಲಿಲ್ಲ.

ಆ ಆ್ಯಪಿನ ಸವಾರರ ಗುಂಪಿಗೆ ನಿಯಮ ಬರೆದವಳೂ ಅವಳೇ. 'ಚಕ್ರ ಉರುಳದ ದಾರಿ ಹಾಕಬಾರದು.'

ಸ್ಟೆಪ್ಸ್ ಬರೆಯದೆ ಉತ್ತರ ಮಾತ್ರ ಬರೆದ ಮಕ್ಕಳಿಗೆ ಸೊನ್ನೆ ಸುತ್ತುವ ಮೇಡಂ ಅವಳು!

ಹೋದ ವರ್ಷ ಮಾಗಿಯ ಒಂದು ಸಂಜೆ ಈ ಬೆಟ್ಟದಲ್ಲಿ ಟೈರು ಪಂಕ್ಚರ್ ಆಯಿತು. ಹೊತ್ತು ಇಳಿಯುತ್ತಿತ್ತು. ಕಾಡಿನ ಅಂಚಿನಿಂದ ಊರಿನ ರಸ್ತೆಗೆ ಒಂದು ಕೂಗಳತೆ ಮಾತ್ರ ಉಳಿದಿತ್ತು. ಆದರೆ ಮುಂದೆ ಆಳೆತ್ತರದ ಹುಲ್ಲು; ಅದರಲ್ಲಿ ಕರಡಿ ಇದ್ದೀತೆಂಬ ಭಯಕ್ಕೆ ಬಂದ ದಾರಿಯಲ್ಲೇ ಸೈಕಲ್ಲು ತಳ್ಳಿಕೊಂಡು ವಾಪಸು ಹೋದಳು. ಮನೆಗೆ ಬಂದು ಉಪಗ್ರಹದ ಚಿತ್ರ ನೋಡಿದರೆ, ಆ ಉಳಿದ ಜಾಗದಲ್ಲಿ ಒಂದು ಬಿಳೀ ಗೆರೆ ಕಾಣಿಸಿತು.

ಗಾಡಿದಾರಿಯೇ ಇರಬೇಕು. ಇನ್ನೇನಿರುತ್ತೆ?

ಬೆರಳಿಟ್ಟು ಎಳೆದಳು. 'ನಾನೇ ತುಳಿದ ದಾರಿ' ಎಂದು ಒತ್ತಿದಳು. ಮಲಗಿದಳು.

ಅದು ದಾರಿಯಲ್ಲ, ಹೊಲದ ಬದು. ಬೆಟ್ಟದ ನೀರು ರಾಗಿಗೆ ನುಗ್ಗದಿರಲಿ ಎಂದು ಬದುವಿನ ಮೇಲ್ಭಾಗಕ್ಕೆ ತೋಡಿದ ಟ್ರೆಂಚು ಆ ಹಳೆಯ ಚಿತ್ರದಲ್ಲಿ ಇರಲೇ ಇಲ್ಲ.

ಯಾರೋ ಬಿದ್ದರಂತೆ ಎಂದು ಗುಂಪಿನಲ್ಲಿ ಸುದ್ದಿ ಬಂದ ಕೂಡಲೇ ಆ ದಾರಿಯನ್ನು ಅಳಿಸಿಹಾಕಿದಳು. ಅಳಿಸಿದರೆ ತನ್ನ ತಪ್ಪೂ ಅಳಿಯುತ್ತದೆ ಎಂದುಕೊಂಡಿದ್ದಳು, ಪಾಪ! ಬೀದಿಗೆ ಬಿದ್ದ ಮಾತು, ಫೋನಿಗೆ ಬಿದ್ದ ಚಿತ್ರ, ಎರಡೂ ಒಂದೇ. ಆಗಲೇ ಅದು ಎಷ್ಟೋ ಜನರ ಫೋನು ಸೇರಿತ್ತು.

---

"ಮೇಡಂ, ಒಂದು ಉಪಕಾರ ಮಾಡ್ತೀರಾ?"

ಅಂದು ಹೊರಡುವಾಗ ಗಂಗಾಧರ್ ಕೇಳಿದ್ದ. "ಮತ್ತೆ ಸೈಕಲ್ ಹತ್ತೋಕೆ ಡಾಕ್ಟ್ರು ಒಪ್ಪವ್ರೆ. ಒಬ್ನೇ ಹೋಗೋಕೆ ಅಮ್ಮ ಬಿಡಲ್ಲ. ಭಾನುವಾರ ಜೊತೆಗೆ ಬರ್ತೀರಾ?"

'ಬೇಡ ಅನ್ನು. ಇಲ್ಲಿಗೇ ಮುಗಿಸು' ಎಂದಿತು ಅವಳ ಬುದ್ಧಿ.

"ಬರ್ತೀನಿ" ಎಂದಿತು ಬಾಯಿ.

ಪ್ರಾಯಶ್ಚಿತ್ತ ಎಂದು ತನಗೆ ತಾನೇ ಹೇಳಿಕೊಂಡಳು. ಮೊದಲ ಭಾನುವಾರ ಅದು ನಿಜವೂ ಆಗಿತ್ತು.

ಆಮೇಲಿನ ಭಾನುವಾರಗಳ ಕಥೆ ಬೇರೆ. ಕುಣಿಗಲ್ ಕೆರೆ ಏರಿಯ ಮೇಲೆ ಅವನು ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ವಾಲಾಡುವಾಗ ಇಂಪನಾ ಉಸಿರು ಬಿಗಿಹಿಡಿದು ಪಕ್ಕದಲ್ಲೇ ಹೋದಳು. ದಾರಿಯಲ್ಲಿ ಸಿಕ್ಕ ಹಸುಗಳನ್ನೆಲ್ಲ ಅವನು ಹೆಸರಿಟ್ಟು ಕರೆಯುತ್ತಿದ್ದ. ಅವು ತಿರುಗಿಯೂ ನೋಡುತ್ತಿರಲಿಲ್ಲ.

"ಇಂಜೆಕ್ಷನ್ ಚುಚ್ಚಿದ್ದು ಇನ್ನೂ ಮರೆತಿಲ್ಲ ಇವು" ಎಂದು ಗೊಣಗುತ್ತಿದ್ದ.

ಅವಳಿಗೆ ನಗು ಬರುತ್ತಿತ್ತು. ನಕ್ಕ ಮರುಗಳಿಗೆ ಅವನ ಬಲಗೈ ಕಣ್ಣಿಗೆ ಬೀಳುತ್ತಿತ್ತು. ತಲೆ ತಾನಾಗಿಯೇ ತಗ್ಗುತ್ತಿತ್ತು.

"ಮೇಡಂ, ನೀವ್ಯಾಕೆ ಯಾವಾಗ್ಲೂ ನೆಲ ನೋಡ್ತೀರಿ? ಏನಾದ್ರೂ ಕಳ್ಕೊಂಡಿದ್ದೀರಾ?"

"ಹೂಂ... ಕಳ್ಕೊಂಡಿದೀನಿ."

"ಹೇಳಿ, ಇಬ್ರೂ ಹುಡುಕೋಣ."

ಹೇಳಿಬಿಡಬೇಕು ಎಂದು ಅವಳು ಬಾಯಿ ತೆರೆದದ್ದು ಒಂದು ಸಲವಲ್ಲ. ಒಮ್ಮೆ ತಟ್ಟೆ ಇಡ್ಲಿ ಹೋಟೆಲಿನ ಬೆಂಚಿನ ಮೇಲೆ ಕುಳಿತು "ಡಾಕ್ಟ್ರೇ, ಬೆಳವಕ್ಕಿ ವಿಷಯ..." ಎಂದು ಶುರುಮಾಡಿಯೇಬಿಟ್ಟಿದ್ದಳು.

ಅವನ ಕಣ್ಣು ಅರಳಿತು. "ನಿಮಗೂ ಇಷ್ಟಾನಾ? ನಿಮ್ಮತ್ರ ಮಾತ್ರ ಹೇಳ್ತೀನಿ. ಓದು ಮುಗಿಸಿ ಇಲ್ಲಿಗೇ ಕೆಲಸಕ್ಕೆ ವಾಪಸ್ ಬಂದ ಹೊಸದ್ರಲ್ಲಿ ನಂಗೆ ಏನೂ ಹಿಡಿಸ್ತಿರ್ಲಿಲ್ಲ. ರಾಜೀನಾಮೆ ಕೊಡೋಣ ಅಂತಿದ್ದೆ. ಸುಮ್ನೆ ಒಂದಿನ ಬೆಳವಕ್ಕಿಯ ಒಂದು ದಾರೀಲಿ ಸೈಕಲ್ ಬಿಟ್ಟೆ. ಆಮೇಲೆ ಇನ್ನೊಂದು. ಹಂಗೇ ಈ ಬೆಟ್ಟಗಳು ನನ್ನವಾದ್ವು. ಅವರು ಸಿಕ್ಕಿದ್ರೆ ಕಾಲಿಗೆ ಬೀಳ್ತೀನಿ ಕಣ್ರೀ."

ಅವಳು ನೀರು ಕುಡಿದು, ಬಿಲ್ಲು ಕೊಡಲು ಎದ್ದಳು.

ಬೈದಿದ್ದರೆ ಹೇಳಿಬಿಡುತ್ತಿದ್ದಳು. ಹೊಗಳಿದವನಿಗೆ ಹೇಗೆ ಹೇಳುವುದು? ಅಷ್ಟೇ ಅಲ್ಲ. ಅಷ್ಟರಲ್ಲಿ ಭಾನುವಾರಕ್ಕೆ ಕಾಯುವ ರೋಗ ಅವಳಿಗೂ ಹತ್ತಿತ್ತು. ಅವನ ಕರೆ ಬಂದರೆ ಎದೆ ಹಗುರಾಗುತ್ತಿತ್ತು, ಇಟ್ಟ ಮೇಲೆ ಕಲ್ಲಾಗುತ್ತಿತ್ತು. ಪ್ರೀತಿ ಮತ್ತು ಪಾಪಪ್ರಜ್ಞೆ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದರೆ ನಿದ್ದೆ ಎಲ್ಲಿಂದ ಬರಬೇಕು?

---

ಗೌರಿ ಹಬ್ಬ ಬಂತು. ಗಂಗಾಧರನ ತಾಯಿ ವನಜಮ್ಮ ಫೋನು ಮಾಡಿ ಕರೆದರು.

"ಹೆಣ್ಮಕ್ಳಿಲ್ಲದ ಮನೆ ಕಣವ್ವ ನಮ್ದು. ನಮ್ಮೆಜಮಾನ್ರು ಬಸ್ ಕಂಡಕ್ಟ್ರು, ಹಬ್ಬದ ದಿನಾನೂ ಡ್ಯೂಟಿ. ನೀನಾದ್ರೂ ಬಂದು ಅರಿಶಿನ ಕುಂಕುಮ ತಗಂಡು ಹೋಗು."

ಕುಣಿಗಲ್ಲಿನ ಆ ಪುಟ್ಟ ಮನೆಯಲ್ಲಿ ಹೋಳಿಗೆಯ ಪರಿಮಳ ತುಂಬಿತ್ತು. ವನಜಮ್ಮ ಇಂಪನಾಳ ಕೈಗೆ ಹಸಿರು ಬಳೆ ಏರಿಸಿ, ಕೆನ್ನೆಗೆ ಅರಿಶಿನ ಹಚ್ಚಿದರು. ಗಂಗಾಧರ್ ಬಾಗಿಲಿಗೆ ಒರಗಿ ನೋಡುತ್ತಿದ್ದ. ಆ ನೋಟದಲ್ಲಿ ಏನಿತ್ತೆಂದು ಹೇಳಬೇಕಾಗಿಲ್ಲ. ಇಂಪನಾಳಿಗೂ ಗೊತ್ತಾಯಿತು, ವನಜಮ್ಮನಿಗೂ ಗೊತ್ತಾಯಿತು.

ಆಗ ಗೇಟಿನ ಸದ್ದಾಯಿತು.

ಬಿಳಿ ಪಂಚೆಯ ಒಬ್ಬ ಹಿರಿಯರು ಬಟ್ಟೆಯ ಚೀಲ ಎದೆಗವಚಿಕೊಂಡು ಮೆಟ್ಟಿಲ ಬಳಿ ನಿಂತಿದ್ದರು. ಚೀಲದ ಬಾಯಲ್ಲಿ ಸೀರೆಯ ಅಂಚು, ತೆಂಗಿನಕಾಯಿಯ ಜುಟ್ಟು ಕಾಣುತ್ತಿತ್ತು. ತವರಿನಿಂದ ಬರುವ ಗೌರಿ ಬಾಗಿನ.

"ವನಜಾ... ಬಾಗಿನ ತಂದಿವ್ನಿ ಕಣವ್ವ."

ವನಜಮ್ಮ ಒಳಗಿನಿಂದಲೇ ಮುಖ ತಿರುಗಿಸಿದರು. "ನನ್ ಮಗನ್ ಕೈ ತಿಂದ್ಕಂಡ ಮನೆ ಅರಿಶಿನ ಕುಂಕುಮ ನಂಗ್ ಬ್ಯಾಡ. ತಗಂಡೋಗು."

ಇಂಪನಾ ಹೋಳಿಗೆಯ ತಟ್ಟೆಯನ್ನು ಕೆಳಗಿಟ್ಟಳು. ಇವರೇ ನರಸಿಂಹಯ್ಯ. ಆ ಹೊಲದ ಯಜಮಾನರು.

"ಅಲ್ಲಿ ದಾರಿ ಇರ್ನಿಲ್ಲ ಕಣವ್ವ" ಎಂದರು ನರಸಿಂಹಯ್ಯ, ಎಷ್ಟೋ ಸಲ ಹೇಳಿ ಸವೆದ ದನಿಯಲ್ಲಿ. "ನನ್ ಹೊಲ, ನನ್ ಬದ. ನೀರಿಗ್ ಅಡ್ಡ ಅಂತ ತೋಡ್ದೆ. ದಾರಿ ಕಡಿದೋನಲ್ಲ ನಾನು."

"ಫೋನಲ್ಲಿ ದಾರಿ ತೋರುಸ್ತದಲ್ಲ! ಫೋನ್‌ಗೇನು ನಿನ್ ಮ್ಯಾಲೆ ಹಗೆನಾ? ಪಕ್ಕದ ಹೊಲದ ಚಿಕ್ಕರಂಗಯ್ಯ ಊರಿಗೆಲ್ಲ ತೋರುಸ್ಕಂಡ್ ಬಂದವ್ನೆ!"

"ಅವ್ನಿಗೆ ನನ್ ಹೊಲದ ಮ್ಯಾಲೆ ಟ್ರ್ಯಾಕ್ಟ್ರು ಬುಡಕ್ಕೆ ದಾರಿ ಬೇಕು, ಅದುಕ್ಕೆ ಕುಣೀತವ್ನೆ. ನೀನೂ ನಂಬ್ತೀಯೇನವ್ವ?"

ನರಸಿಂಹಯ್ಯ ಸೋದರಳಿಯನ ಕಡೆ ನೋಡಿದರು. ಗಂಗಾಧರ್ ನೆಲ ನೋಡಿದ.

"ಆಯ್ತು ಬುಡು" ಎಂದರು ಹಿರಿಯರು. ಚೀಲವನ್ನು ಮೆಟ್ಟಿಲ ಮೇಲಿಡಲು ಬಗ್ಗಿದವರು, ಇಡದೆ ಮತ್ತೆ ಎತ್ತಿಕೊಂಡರು. "ಸೋಮವಾರ ರಂಗನಾಥನ ಗುಡೀಲಿ ದಾರಿ ಇರ್ನಿಲ್ಲ ಅಂತ ಕರ್ಪೂರ ಆರುಸ್ತೀನಿ. ಊರೋರು ಕೇಳವ್ರೆ, ನಾನು ಒಪ್ಕಂಡಿವ್ನಿ. ಆಮ್ಯಾಕೆ ನಿನ್ ಮನೆಗ್ ನಾನಿಲ್ಲ, ನನ್ ಮನೆಗ್ ನೀನಿಲ್ಲ."

ವನಜಮ್ಮನ ಬೆನ್ನು ಒಮ್ಮೆ ಅದುರಿತು. ಆದರೂ ತಿರುಗಲಿಲ್ಲ.

ಕರ್ಪೂರ ಆರಿಸುವುದೆಂದರೆ ಆ ಕಡೆ ಆಟದ ಮಾತಲ್ಲ. ದೇವರ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಇಟ್ಟ ಮೇಲೆ, ಎದುರು ನಿಂತ ಮನೆಯ ನೀರನ್ನೂ ಮುಟ್ಟುವಂತಿಲ್ಲ. ಸಾವಿಗೂ ಹೋಗುವಂತಿಲ್ಲ. ಒಡಹುಟ್ಟಿದವರಾದರೂ ಅಷ್ಟೇ.

ಗೇಟಿನ ಚಿಲಕ ಹಾಕಿಕೊಂಡು ನರಸಿಂಹಯ್ಯ ನಡೆದರು. ಚೀಲವನ್ನು ಹೊತ್ತ ಅವರ ಬೆನ್ನು ಬೀದಿಯ ತಿರುವಿನವರೆಗೂ ಕಂಡಿತು.

'ಕೂಗು! ಈಗಲೇ ಕೂಗಿ ನಿಲ್ಲಿಸು!' ಇಂಪನಾಳ ಒಳಗೆ ಯಾರೋ ಚೀರಿದರು. ಕೆನ್ನೆಯ ಅರಿಶಿನ ಉರಿಯತೊಡಗಿತು.

"ತಲೆನೋವು... ಬರ್ತೀನಿ ಅಮ್ಮ" ಎಂದವಳೇ ಚಪ್ಪಲಿ ಮೆಟ್ಟಿ ಹೊರಟುಬಿಟ್ಟಳು.

---

"ನಿಂಗೇನ್ ತಲೆ ಕೆಟ್ಟಿದ್ಯೇನೇ?" ಮಾನಸಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಡಿಲೀಟ್ ಮಾಡಿದೀಯ. ಬೆಳವಕ್ಕಿ ಯಾರು ಅಂತ ಯಾರಿಗೂ ಗೊತ್ತಿಲ್ಲ. ಸುಮ್ನಿದ್ರೆ ಹುಡುಗನೂ ಸಿಗ್ತಾನೆ, ಮಾನನೂ ಉಳಿಯುತ್ತೆ."

"ನಂಗೆ ಗೊತ್ತಲ್ಲ ಮಾನಸಾ."

"ಹೇಳಿದ್ರೆ ಅವ್ನು ನಿನ್ ಮುಖ ನೋಡಲ್ಲ ಕಣೇ!"

"ಹೇಳದೇ ಇದ್ರೆ ಒಬ್ಬಳು ತಂಗಿ ಅಣ್ಣನ ಮುಖ ನೋಡಲ್ಲ."

ಮಾನಸಾ ಗೆಳತಿಯ ಪಕ್ಕ ಕುಳಿತು ಬೆನ್ನು ಸವರಿದಳು. ಇಂಪನಾ ಅಂದು ಅತ್ತಷ್ಟು ಎಂದೂ ಅತ್ತಿರಲಿಲ್ಲ. ಅವನ ಕೈ ಮುರಿದದ್ದು ತನ್ನ ತಿಳಿಯದ ತಪ್ಪು ಎಂದು ಹೇಗೋ ಸಮಾಧಾನ ಹೇಳಿಕೊಂಡಿದ್ದಳು. ಆದರೆ ಇಷ್ಟು ದಿನ ಬಾಯಿ ಮುಚ್ಚಿಕೊಂಡದ್ದು? ಅದು ತಿಳಿದೇ ಮಾಡಿದ್ದಲ್ಲವೇ!

ಭಾನುವಾರ ಗಂಗಾಧರನ ಕರೆ ಬಂತು.

"ಇಂಪನಾ... ನಿಮ್ಮತ್ರ ಒಂದು ಮಾತು ಕೇಳ್ಬೇಕು. ಫೋನಲ್ಲಿ ಕೇಳೋದಲ್ಲ, ಆದ್ರೂ..."

ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಅವಳು ಕಣ್ಣು ಮುಚ್ಚಿದಳು.

"ಇವತ್ತು ಕೇಳ್ಬೇಡಿ. ನಾಳೆ ನಾನೂ ಗುಡಿಗೆ ಬರ್ತೀನಿ. ಆಮೇಲೂ ಕೇಳ್ಬೇಕು ಅನ್ಸಿದ್ರೆ ಕೇಳಿ."

"ಯಾಕೆ ಹಿಂಗಂತೀರಿ?"

ಅವಳು ಫೋನಿಟ್ಟಳು. ಕೇಳದ ಆ ಮಾತಿಗೆ 'ಹೂಂ' ಎಂದು ಎಷ್ಟು ಸಲ ಮನಸ್ಸಿನಲ್ಲೇ ಉತ್ತರಿಸಿದ್ದಳೋ!

---

ಬೆಟ್ಟದ ಬುಡದ ಆ ಹಳ್ಳಿಯ ಗುಡಿಯ ಮುಂದೆ ಜನ ಸೇರಿದ್ದರು. ನರಸಿಂಹಯ್ಯ ತಣ್ಣೀರು ಮಿಂದು ಒದ್ದೆ ಪಂಚೆಯಲ್ಲೇ ನಿಂತಿದ್ದರು. ಒಂದು ಮೂಲೆಯಲ್ಲಿ ವನಜಮ್ಮ, ಅವರ ಪಕ್ಕ ಗಂಗಾಧರ್. ಚಿಕ್ಕರಂಗಯ್ಯ ಫೋನನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದ.

"ನೋಡ್ರಪ್ಪಾ, ಕಣ್ಣಾರೆ ನೋಡಿ. ಕಾಡಿಂದ ಸೀದಾ ರಸ್ತೆಗ್ ಬರೋ ದಾರಿ! ಇದುಕ್ಕಿಂತ ಸಾಕ್ಷಿ ಬೇಕಾ?"

ಪೂಜಾರಪ್ಪ ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. ನರಸಿಂಹಯ್ಯನ ಅಂಗೈ ಮೇಲೆದ್ದಿತು. ಅವರ ಕಣ್ಣು ತಂಗಿಯ ಮೇಲಿತ್ತು.

"ಆರಿಸ್ಬೇಡಿ!"

ಎಲ್ಲರೂ ತಿರುಗಿದರು. ಬೆವರಿಗೆ ಕೂದಲು ಹಣೆಗೆ ಅಂಟಿಕೊಂಡಿದ್ದ ಇಂಪನಾ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ಆ ದಾರಿ ಸುಳ್ಳು. ಅಲ್ಲಿ ದಾರಿ ಯಾವತ್ತೂ ಇರ್ಲಿಲ್ಲ. ಅದನ್ನ ಗೀಚಿದ್ದು ನಾನು."

"ಯಾವಳಮ್ಮ ನೀನು?" ಚಿಕ್ಕರಂಗಯ್ಯ ಹುಬ್ಬು ಗಂಟಿಕ್ಕಿದ.

"ನಾನು... ಬೆಳವಕ್ಕಿ."

ಅವಳು ಗಂಗಾಧರನ ಕಡೆ ನೋಡಲಿಲ್ಲ. ನೋಡಿದ್ದರೆ ಮುಂದಿನ ಮಾತು ಹೊರಡುತ್ತಿರಲಿಲ್ಲ. ಚಿಕ್ಕರಂಗಯ್ಯನ ಕೈಯಿಂದ ಫೋನು ತೆಗೆದುಕೊಂಡು, ಗೆರೆಯನ್ನು ದೊಡ್ಡದು ಮಾಡಿ, ಜನರ ಮುಂದೆ ಹಿಡಿದಳು.

"ನೋಡಿ. ಬೆಟ್ಟದಿಂದ ಇಲ್ಲೀವರೆಗೂ ಗೆರೆ ಅಂಕುಡೊಂಕು. ಅದು ಸೈಕಲ್ ತುಳಿದು ಬಂದದ್ದು. ಇಲ್ಲಿಂದ ಮುಂದೆ ಸ್ಕೇಲ್ ಇಟ್ಟಂಗೆ ನೆಟ್ಟಗಿದೆ. ಅದು ನನ್ನ ಬೆರಳು. ನಾನು ಗಣಿತ ಹೇಳಿಕೊಡೋಳು. ಹೊಲದ ಮಧ್ಯೆ ಇಷ್ಟು ನೆಟ್ಟಗಿರೋ ದಾರಿ ಯಾವೂರಲ್ಲಿದೆ, ನೀವೇ ಹೇಳಿ."

ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. "ಹೌದಲ್ಲಾ..." ಎಂದರು ಯಾರೋ. ಚಿಕ್ಕರಂಗಯ್ಯ ಫೋನು ಕಸಿದುಕೊಂಡು ಜೇಬಿಗಿಟ್ಟ.

"ಆ ಸಂಜೆ ಹೆದರಿಕೊಂಡು ವಾಪಸ್ ಹೋದೆ. ತುಳೀದೇ ತುಳಿದೆ ಅಂದೆ. ಡಾಕ್ಟ್ರ ಕೈ ಹೋಗಿದ್ದು ನನ್ನಿಂದ. ಬಾಗಿನ ವಾಪಸ್ ಹೋಗಿದ್ದು ನನ್ನಿಂದ. ಆವತ್ತು ಅಲ್ಲೇ ನಿಂತಿದ್ದೆ, ಬಾಯಿ ಬಿಡ್ಲಿಲ್ಲ." ಅವಳು ನರಸಿಂಹಯ್ಯನ ಕಡೆ ತಿರುಗಿದಳು. "ಯಜಮಾನ್ರೇ, ನಿಮ್ಮದು ಏನೂ ತಪ್ಪಿಲ್ಲ. ದಯವಿಟ್ಟು ಅದನ್ನ ಆರಿಸ್ಬೇಡಿ..."

ನರಸಿಂಹಯ್ಯ ಎತ್ತಿದ್ದ ಅಂಗೈಯನ್ನು ನೋಡಿಕೊಂಡರು. ಕರ್ಪೂರ ಇನ್ನೂ ಉರಿಯುತ್ತಿತ್ತು.

"ಪೂಜಾರಪ್ಪ" ಎಂದರು ಕೊನೆಗೆ. "ಹಚ್ಚಿದ್ದು ಹಚ್ಚಿಬುಟ್ಟಿದೀಯ. ದಂಡ ಯಾಕ್ ಮಾಡ್ತೀಯ, ಮಂಗಳಾರತಿ ಮಾಡ್ಬುಡು."

ಗಂಟೆ ಮೊಳಗಿತು.

"ಅಣ್ಣಯ್ಯಾ..." ವನಜಮ್ಮ ಓಡಿ ಬಂದು ಅಣ್ಣನ ಒದ್ದೆ ತೋಳು ಹಿಡಿದುಕೊಂಡರು. ನರಸಿಂಹಯ್ಯ ತಂಗಿಯ ತಲೆಯ ಮೇಲೆ ಕೈಯಿಟ್ಟರು. "ಬಾಗಿನ ಹಂಗೇ ಮಡಗಿವ್ನಿ ಕಣವ್ವ, ಚೀಲ ಬಿಚ್ಚಿಲ್ಲ" ಎಂದರು.

ಗಂಗಾಧರ್ ನಿಧಾನವಾಗಿ ಇಂಪನಾಳ ಮುಂದೆ ಬಂದು ನಿಂತ.

"ನೀವಾ... ಬೆಳವಕ್ಕಿ?"

ಅವಳು ತಲೆ ತಗ್ಗಿಸಿದಳು.

"ಅಷ್ಟು ಭಾನುವಾರ ಜೊತೇಲಿ ಬಂದ್ರಿ. ಒಂದು ಭಾನುವಾರನಾದ್ರೂ ಹೇಳ್ಬಹುದಿತ್ತು."

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು! ಅವನು ತಿರುಗಿ ನಡೆದುಬಿಟ್ಟ.

---

ಅಂದೇ ಇಂಪನಾ ಗುಂಪಿನಲ್ಲಿ ಎಲ್ಲವನ್ನೂ ಬರೆದಳು, ತನ್ನ ನಿಜವಾದ ಹೆಸರಿನಲ್ಲಿ. ಕೆಲವರು ಬೈದರು, ಕೆಲವರು ಗುಂಪು ಬಿಟ್ಟರು. ಗಂಗಾಧರನಿಂದ ಮಾತ್ರ ಏನೂ ಬರಲಿಲ್ಲ.

ಕ್ಲಾಸಿನಲ್ಲಿ ಸ್ಟೆಪ್ಸ್ ಇಲ್ಲದ ಉತ್ತರ ಕಂಡರೆ ಈಗ ಅವಳ ಕೆಂಪು ಪೆನ್ನು ಒಂದು ಗಳಿಗೆ ಹಾಗೇ ನಿಲ್ಲುತ್ತಿತ್ತು.

ಆದರೂ ಭಾನುವಾರ ಬಂದರೆ ಅದೇ ಬೆಟ್ಟಕ್ಕೆ ಹೋಗುತ್ತಿದ್ದಳು. ಕಾಡಂಚಿನಿಂದ ಊರಿಗೆ ನಿಜವಾದ ದಾರಿ ಎಲ್ಲಿದೆ ಎಂದು ಹುಡುಕಬೇಕಿತ್ತು. ಬಂಡೆಯ ಮಗ್ಗುಲಲ್ಲಿ ಒಂದು ಕಡೆ ಹೋದರೆ ಮುಳ್ಳು, ಇನ್ನೊಂದು ಕಡೆ ಹೋದರೆ ಕೊರಕಲು. ಸೈಕಲ್ಲು ಹೆಗಲಿಗೆ ಹಾಕಿ ವಾಪಸು ಬರುತ್ತಿದ್ದಳು.

ಒಂದು ದಿನ ನರಸಿಂಹಯ್ಯ ಎಳನೀರು ಕೆತ್ತಿ ಕೈಗೆ ಕೊಟ್ಟರು.

"ಕುಡಿ. ಇನ್ನೂ ಎಷ್ಟ್ ದಿನ ಮುಳ್ಳು ತುಳೀತೀಯ?"

"ದಾರಿ ಸಿಗೋವರ್ಗೂ."

"ಇಲ್ದಿರೋ ದಾರಿ ಎಲ್ ಸಿಕ್ಕದವ್ವ?" ಅವರು ನಕ್ಕರು. "ಫೋನಲ್ಲಿ ಗೀಚ್ದಾಗ ನನ್ನೊಂದ್ ಮಾತು ಕೇಳಿದ್ದಿದ್ರೆ ಬದದ ಮ್ಯಾಲೆ ಹೋಗು ಅಂತಿದ್ದೆ. ಸೈಕಲ್ ಹೋದ್ರೆ ನನ್ ರಾಗಿ ಸವೀತದಾ?"

ಇಂಪನಾ ಎಳನೀರಿನೊಳಗೆ ಮುಖ ಹುದುಗಿಸಿದಳು. ಕಣ್ಣೀರು ಅವರಿಗೆ ಕಾಣಬಾರದಿತ್ತು.

ಮುಂದಿನ ಭಾನುವಾರ ಬಂದಾಗ ಟ್ರೆಂಚಿನ ಮೇಲೆ ತೆಂಗಿನ ಮರದ ಎರಡು ತುಂಡುಗಳು ಒಂದಕ್ಕೊಂದು ಒತ್ತಿ ಅಡ್ಡ ಮಲಗಿದ್ದವು. ನಡುವಿನ ಸಂದಿಗೆ ಮಣ್ಣು ತುಂಬಿ ಗಟ್ಟಿಸಿ, ಸೈಕಲ್ಲು ಹೋಗುವಷ್ಟು ಅಗಲದ ಸೇತುವೆ!

ಅದರ ಆಚೆ ತುದಿಯಲ್ಲಿ, ಸೈಕಲ್ಲಿಗೆ ಒರಗಿ, ಗಂಗಾಧರ್ ನಿಂತಿದ್ದ.

ಅವಳು ಬ್ರೇಕು ಹಿಡಿದು ಕಾಲು ನೆಲಕ್ಕೂರಿದಳು.

"ಮಾವ ಮರ ಉರುಳಿಸಿದ್ರು. ಮಣ್ಣು ಗಟ್ಟಿಸಿದ್ದು ನಾನು, ಎಡಗೈಲಿ" ಎಂದ ಅವನು. "ಸ್ವಲ್ಪ ಸೊಟ್ಟ ಇದೆ. ಅಡ್ಜಸ್ಟ್ ಮಾಡ್ಕೊಳ್ಳಿ."

"ನೀವು... ಇಲ್ಲಿಗೆ..."

"ಭಾನುವಾರ ಬಿಟ್ಟು ದಿನಾ ಬರ್ತಿದ್ದೆ, ಮಾವನ ಹತ್ರ. ಅವರ ಎದುರು ಕೂತ್ಕೊಳ್ಳೋಕೇ ನಂಗೆ ಧೈರ್ಯ ಬೇಕಾಯ್ತು." ಅವನು ಗಂಟಲು ಸರಿಮಾಡಿಕೊಂಡ. "ನೀವು ಗೀಚಿದ್ರಿ, ಸರಿ. ನಂಬಿದ್ದು ಯಾರು? ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಬೆಳೆಸಿದ ಮಾವ 'ದಾರಿ ಇರ್ಲಿಲ್ಲ ಕಣ್ಲಾ' ಅಂದ್ರು. ನಾನು ಮುಖ ಕೂಡ ನೋಡದ ಬೆಳವಕ್ಕಿಯನ್ನ ನಂಬಿದೆ. ತಪ್ಪೆಲ್ಲ ನಿಮ್ಮೊಬ್ಬರದೇ ಅಂತ ಯಾವ ಬಾಯಲ್ಲಿ ಹೇಳ್ಲಿ? ಅದಕ್ಕೇ ಫೋನ್ ಮಾಡ್ಲಿಲ್ಲ. ಸಿಟ್ಟಿಂದಲ್ಲ... ಮೊದಮೊದಲು ಸಿಟ್ಟಿತ್ತು. ಆಮೇಲೆ ನಾಚಿಕೆ."

ಇಂಪನಾ ಸೈಕಲ್ಲನ್ನು ಸೇತುವೆಯ ಕಡೆ ತಿರುಗಿಸಿದಳು. ಇಳಿದು ನಡೆಯಲಿಲ್ಲ, ಹತ್ತಿ ತುಳಿದೇ ದಾಟಿದಳು. ಮರದ ತುಂಡು ಕಿರ್ರೆಂದಿತು. ಚಕ್ರ ಉರುಳಿತು.

ಅವನ ಮುಂದೆ ಬಂದು ನಿಂತಾಗ ಅವಳ ಕಣ್ಣು ಅಭ್ಯಾಸದಂತೆ ಅವನ ಬಲಗೈಗೆ ಇಳಿಯಿತು.

"ಕೈ... ಡಾಕ್ಟ್ರು ಏನಂದ್ರು?"

"ಭುಜದ ಮಟ್ಟಕ್ಕೆ ಬರುತ್ತೆ, ಅದರ ಮೇಲೆ ಏಳೋದು ಕಷ್ಟ ಅಂದ್ರು." ಅವನು ಕೈಯನ್ನು ಮೆಲ್ಲಗೆ ಎತ್ತಿ ತೋರಿಸಿದ. ಅವಳ ಕೊರಳ ತನಕ ಬಂದು ಅದು ನಿಂತಿತು. "ಅಮ್ಮಂಗೆ ಅದೇ ಯೋಚನೆ. ತಾಳಿ ಕಟ್ಟೋಕೆ ಎಷ್ಟೆತ್ತರ ಬೇಕೋ ಅಂತ."

ಇಂಪನಾಳ ಕೈ ತಾನಾಗಿಯೇ ಕೊರಳಿಗೆ ಹೋಯಿತು.

"ಆವತ್ತು ಫೋನಲ್ಲಿ ಕೇಳ್ಬೇಕು ಅಂದಿದ್ದು ಇದೇ" ಎಂದ ಅವನು. "ಆಮೇಲೂ ಕೇಳ್ಬೇಕು ಅನ್ಸಿದ್ರೆ ಕೇಳಿ ಅಂದಿದ್ರಿ. ಅನ್ಸಿದೆ. ಮಾವ ಅಳತೆ ನೋಡಿ ಹೇಳಿದ್ರು, ಹುಡುಗಿ ಒಂಚೂರು ತಲೆ ಬಗ್ಗಿಸಿದ್ರೆ ಸಾಕಂತೆ. ಬಗ್ಗಿಸ್ತೀಯಾ... ಇಂಪನಾ?"

ಅವಳು ಅಳುತ್ತಲೇ ನಕ್ಕಳು. "ಇಷ್ಟು ದಿನ ಬಗ್ಗಿಸ್ಕೊಂಡೇ ಇದೀನಲ್ಲ..."

"ಅದು ಸಾಕು. ಇನ್ನು ಆ ಒಂದ್ಸಲ ಮಾತ್ರ." ಅವನ ಎಡಗೈ ಅವಳ ಗಲ್ಲವನ್ನು ಮೆಲ್ಲಗೆ ಮೇಲೆತ್ತಿತು. "ಆಮೇಲೆ ಎತ್ಕೊಂಡೇ ಇರ್ಬೇಕು. ನಂಗೆ ಬೆಟ್ಟದ ದಾರಿ ತೋರ್ಸೋಳು ನೆಲ ನೋಡ್ಕೊಂಡು ಹೋದ್ರೆ ಹೆಂಗೆ?"

"ಮತ್ತೆ ನನ್ನ ದಾರಿ ನಂಬ್ತೀಯಾ?"

"ನಿನ್ನ ಹಿಂದೆ ಬರಲ್ಲ" ಎಂದ ಗಂಗಾಧರ್. "ಪಕ್ಕದಲ್ಲಿ ಬರ್ತೀನಿ."